ಡಿವೈಸ್ ಟ್ರೀಯ ‘ಪ್ರಾಪರ್ಟಿ’: ಗುಣವೋ, ಲಕ್ಷಣವೋ, ವಿವರವೋ?

ಮಾನ್ಯರೇ,

ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನಲ್‌ನ ಡ್ರೈವರ್‌ಗಳಿಗೆ (ಸಾಧನಗಳನ್ನು ನಡೆಸುವ ತಂತ್ರಾಂಶಗಳಿಗೆ) ಹಾರ್ಡ್‌ವೇರನ್ನು ಪರಿಚಯಿಸುವ ಡಿವೈಸ್ ಟ್ರೀ ಕುರಿತು ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದು, ಸಾಧನದ ಬಗೆಗಿನ ಒಂದೊಂದು ನಮೂದಿಗೂ ಹೆಸರಾಗಿ ಅಲ್ಲಿ ಪುಟಪುಟಕ್ಕೂ ಬರುವ ‘ಪ್ರಾಪರ್ಟಿ’ ಎಂಬ ಪದದಲ್ಲಿ ಸಿಕ್ಕಿಕೊಂಡಿದ್ದೇನೆ. ಯಂತ್ರಾನುವಾದ ಕೊಡುವ ‘ಆಸ್ತಿ’ಯನ್ನು ಬದಿಗಿಟ್ಟರೆ ಗುಣ, ಲಕ್ಷಣ, ವಿವರ ಎಂಬ ಮೂರು ಪದಗಳು ಉಳಿಯುತ್ತವೆ, ಮೂರರಲ್ಲಿಯೂ ತೊಡಕಿದೆ.

ಎಲ್‌ಎಂ75 ಎಂಬ, ತಾಪಮಾನ ಅಳೆಯುವ ಚಿಪ್ಪನ್ನೇ ನೋಡೋಣ. ಟ್ರೀಯಲ್ಲಿ ಅದಕ್ಕೆ ಮೀಸಲಾದ ಭಾಗವಾದ ನೋಡ್‌ನೊಳಗೆ ‘ಕಂಪ್ಯಾಟಿಬಲ್’ ಎಂಬ ಪ್ರಾಪರ್ಟಿಯು ಚಿಪ್ ಯಾವುದೆಂದು ಹೇಳುತ್ತದೆ. ಆ ಹೆಸರನ್ನು ನೋಡಿಯೇ ಕರ್ನಲ್ ತಕ್ಕ ಡ್ರೈವರನ್ನು ಹುಡುಕಿ ಜೋಡಿಸುತ್ತದೆ. ಒಂದು ವಸ್ತುವನ್ನು ಉಳಿದವುಗಳಿಂದ ಬೇರ್ಪಡಿಸಿ ಗುರುತಿಸಿಕೊಡುವುದಕ್ಕೆ ಶಾಸ್ತ್ರಗ್ರಂಥಗಳಲ್ಲಿ ‘ಲಕ್ಷಣ’ ಎಂಬ ಹೆಸರಿರುವುದರಿಂದ ಇಲ್ಲಿ ಆ ಪದ ಚೆನ್ನಾಗಿ ಒಪ್ಪುತ್ತದೆ. ಆದರೆ ಅದರ ಕೆಳಗಿನ ಸಾಲಿನ ‘ರೆಗ್’ ಚಿಪ್ಪುಗಳನ್ನು ಜೋಡಿಸುವ ಐ2ಸಿ ಎಂಬ ತಂತಿಮಾರ್ಗದಲ್ಲಿ (ಬಸ್ಸಿನಲ್ಲಿ) ಚಿಪ್ಪಿನ ವಿಳಾಸವನ್ನು ಹೇಳುತ್ತದೆ. ಬೋರ್ಡಿನ ವಿನ್ಯಾಸಕರು ಚಿಪ್ಪಿನ ಮೂರು ಪಿನ್ನುಗಳನ್ನು ಹೇಗೆ ಜೋಡಿಸಿದ್ದಾರೆ ಎಂಬುದನ್ನು ಅವಲಂಬಿಸಿ, ಹೆಕ್ಸಾಡೆಸಿಮಲ್ (ಹದಿನಾರರ ಆಧಾರದ) ಎಣಿಕೆಯ 48ರಿಂದ 4ಎಫ್‌ವರೆಗಿನ ಎಂಟು ವಿಳಾಸಗಳಲ್ಲಿ ಒಂದು ಅದಕ್ಕೆ ಬರುತ್ತದೆ. ವಿಜ್ಞಾನದ ಪಠ್ಯದಲ್ಲಿ ‘ಭೌತ ಗುಣ’, ‘ರಾಸಾಯನಿಕ ಗುಣ’ ಎಂದು ಓದಿ ಬಂದವರಿಗೆ ಇದನ್ನು ಗುಣವೆಂದರೆ ಒಪ್ಪಿಗೆಯಾಗದು. ಮನೆ ಬದಲಿಸಿದವನ ವಿಳಾಸ ಬದಲಾದೀತು, ಗುಣ ಬದಲಾಗದು. ಸೀರಿಯಲ್ ಪೋರ್ಟ್‌ನಂಥ ಸಾಧನಗಳಿಗೆ ಇದೇ ರೆಗ್‌ನಲ್ಲಿ ಆರಂಭದ ವಿಳಾಸದ ಜೊತೆಗೆ ವಿಸ್ತಾರವೂ ಇರುತ್ತದೆ. ಅದು ಕ್ರಯಪತ್ರದ ಚಕ್ಕುಬಂದಿಗೆ ಎಷ್ಟು ಹತ್ತಿರವೆಂದರೆ, ‘ಆಸ್ತಿ’ ಎಂದ ಯಂತ್ರವನ್ನು ಪೂರ್ತಿ ಹಳಿಯಲು ಮನಸ್ಸು ಬಾರದು. ಇನ್ನು ‘ಸ್ಟೇಟಸ್’ ಎಂಬುದು ಸಾಧನ ಬಳಕೆಗೆ ಇದೆಯೋ ಇಲ್ಲವೋ ಎಂಬುದನ್ನಷ್ಟೇ ತಿಳಿಸುತ್ತದೆ. ಅದು ಗುಣವೂ ಅಲ್ಲ, ಲಕ್ಷಣವೂ ಅಲ್ಲ.

‘ವಿವರ’ ಈ ಮೂರನ್ನೂ ಒಳಗೊಳ್ಳುತ್ತದೆ, ನನ್ನ ಒಲವೂ ಅತ್ತಲೇ. ಆದರೆ ಇಡೀ ಟ್ರೀಯೇ ಹಾರ್ಡ್‌ವೇರಿನ ವಿವರಣೆಯಾದ್ದರಿಂದ ‘ವಿವರಣೆಯೊಳಗಿನ ವಿವರದ ವಿವರ’ ಎಂದು ಬರೆಯಬೇಕಾಗಿ ಬರುತ್ತದೆ. ಲೆಕ್ಕಪತ್ರಗಳ ‘ಬಾಬತ್ತು’ ಅರ್ಥಕ್ಕೆ ಸರಿಹೊಂದಿದರೂ ಇಂದಿನ ವಿದ್ಯಾರ್ಥಿಗಳಿಗೆ ಅದನ್ನೇ ಮೊದಲು ವಿವರಿಸಬೇಕಾದೀತು. ಇನ್ನೊಂದು ನಿರ್ಬಂಧವೂ ಇದೆ: 2015ರಲ್ಲಿ ಬಂದ ಕರ್ನಲ್ 3.19ರಿಂದ ಡ್ರೈವರ್‌ಗಳು ಡಿವೈಸ್ ಟ್ರೀಯನ್ನೂ ಹಾರ್ಡ್‌ವೇರನ್ನು ವಿವರಿಸುವ ಇನ್ನೊಂದು ಪದ್ಧತಿಯಾದ ಎಸಿಪಿಐಯನ್ನೂ ಒಂದೇ ಬಗೆಯ ಫಂಕ್ಷನ್‌ಗಳಿಂದ ಓದಬಲ್ಲವಾದ್ದರಿಂದ, ಆರಿಸಿದ ಪದ ಎರಡೂ ಕಡೆ ನಡೆಯಬೇಕು. ಹಳೆಯ ಫಂಕ್ಷನ್‌ಗಳ ಹೆಸರಿನ ಮೊದಲಲ್ಲಿರುವ ‘ಆಫ್’ ಅನ್ನು ಮೊದಲ ಕರಡಿನಲ್ಲಿ ನಾನು ಷಷ್ಠೀ ವಿಭಕ್ತಿಯೆಂದೇ ತಿಳಿದು ಅನುವಾದಿಸಿದ್ದೆ. ಅದು ಡಿವೈಸ್ ಟ್ರೀ ಪದ್ಧತಿಯ ಮೂಲವಾದ, 1994ರಲ್ಲಿ ಐಇಇಇ 1275 ಎಂಬ ಮಾನಕವಾದ ಓಪನ್ ಫರ್ಮ್‌ವೇರ್‌ನ ಮೊದಲಕ್ಷರಗಳು.

‘ಬೈಂಡಿಂಗ್’ಗೆ ಮಾತ್ರ ‘ಕಟ್ಟಳೆ’ ಎಂದು ನಿರ್ಧರಿಸಿದ್ದೇನೆ. ಯಾವ ಸಾಧನದ ನೋಡ್‌ನಲ್ಲಿ ಯಾವ ಪ್ರಾಪರ್ಟಿಗಳು ಇರಲೇಬೇಕು, ಯಾವುವು ಇರಬಹುದು ಎಂಬ ನಿಯಮವೇ ಅದಾಗಿದ್ದು, ಈಗ ಯಾಮಲ್ ಎಂಬ ಪಠ್ಯರೂಪದಲ್ಲಿರುವ ಕಟ್ಟಳೆಗಳನ್ನು ಮೀರಿದರೆ ತಪಾಸಣೆಯ ಉಪಕರಣ ಎತ್ತಿ ತೋರಿಸುತ್ತದೆ. ಪದದ ಒಳಗೆ ‘ಕಟ್ಟು’ ಇರುವುದು ಲಾಭ.

ಕೊನೆಯದಾಗಿ ಒಂದು ಪ್ರಶ್ನೆ. ‘ವೇಕಪ್-ಸೋರ್ಸ್’ನಂಥ (ನಿದ್ರೆಯಲ್ಲಿರುವ ವ್ಯವಸ್ಥೆಯನ್ನು ಈ ಸಾಧನ ಎಚ್ಚರಿಸಬಲ್ಲದು ಎನ್ನುವಂಥ) ಕೆಲವು ಪ್ರಾಪರ್ಟಿಗಳಿಗೆ ಹೆಸರು ಮಾತ್ರ ಇರುತ್ತದೆ, ಹೆಸರು ಬರೆದಿದ್ದರೆ ಹೌದು, ಬರೆಯದಿದ್ದರೆ ಇಲ್ಲ. ಗಣಿತದ ರೂಢಿಯಂತೆ ‘ವ್ಯಾಲ್ಯೂ’ಗೆ ‘ಬೆಲೆ’ ಎಂದರೆ ಇವು ‘ಬೆಲೆಯಿಲ್ಲದ ಗುಣಗಳು’ ಆಗಿಬಿಡುತ್ತವೆ! ‘ಬರಿಹೆಸರಿನ ವಿವರ’ ಎಂದರೆ ಅರ್ಥ ಸ್ಪಷ್ಟವಾಗುತ್ತದೆಯೇ, ಅಥವಾ ಇದಕ್ಕಿಂತ ಚಿಕ್ಕದಾದ ಪದವನ್ನು ಬಲ್ಲವರು ಸೂಚಿಸುವಿರಾ?