ಅಪ್ಪ-ಅಮ್ಮ, ಮಕ್ಕಳ ಜೊತೆ ಜಪಾನ್‌ಗೆ ಬರುವವರಿಗೆ

ಎಲ್ಲರಿಗೂ ನಮಸ್ಕಾರ. ಊರಿಂದ ಅಪ್ಪ-ಅಮ್ಮನನ್ನು ಕರೆಸಿಕೊಂಡು, ಮಕ್ಕಳನ್ನೂ ಕಟ್ಟಿಕೊಂಡು ಜಪಾನ್ ಸುತ್ತಬಹುದಾ ಅಂತ ಗುಂಪಿನಲ್ಲಿ ಆಗಾಗ ಕೇಳುತ್ತಿರುತ್ತೀರಿ. ನಾನು ಟೋಕಿಯೋದ ನಿಶಿ-ಕಸಾಯಿಯಲ್ಲಿ ಸಂಸಾರ ಮಾಡುತ್ತಿರುವವಳು. ನನ್ನ ಉತ್ತರ ಇಷ್ಟೇ: ಖಂಡಿತ ಬನ್ನಿ, ಆದರೆ ಊರುಗಳ ಪಟ್ಟಿ ಕಡಿಮೆ ಮಾಡಿ. ಟೋಕಿಯೋ, ಹಕೊನೆ, ಕ್ಯೋಟೋ, ನಾರಾ, ಒಸಾಕಾ, ಹಿರೋಶಿಮಾ ಅಂತ ಓಡಿದರೆ ಹಿರಿಯರಿಗೆ ಸ್ಟೇಷನ್‌ಗಳ ಮೆಟ್ಟಿಲಷ್ಟೇ ನೆನಪಲ್ಲಿ ಉಳಿಯುತ್ತದೆ. ಈ ದೇಶದ ಸುಖ ಇರುವುದು ದಿನನಿತ್ಯದ ಸಣ್ಣಪುಟ್ಟ ಅನುಕೂಲಗಳಲ್ಲಿ. ಅದನ್ನು ಅನುಭವಿಸಲು ಟೋಕಿಯೋ, ಕ್ಯೋಟೋ ಎರಡು ಊರು ಸಾಕು.

ಭಾರತದಲ್ಲಿರುವವರಿಗೆ 2024ರ ಏಪ್ರಿಲ್‌ನಿಂದ ಪ್ರವಾಸಿ ಇ-ವೀಸಾ ಸಿಗುತ್ತಿದೆ. ಬೆಂಗಳೂರಿಂದ ಟೋಕಿಯೋದ ನರೀತಾ ವಿಮಾನ ನಿಲ್ದಾಣಕ್ಕೆ ಜಪಾನ್ ಏರ್‌ಲೈನ್ಸ್‌ನ ನೇರ ವಿಮಾನ ಇದೆ. ವಯಸ್ಸಾದವರಿಗೆ ಅದೇ ವಾಸಿ. ಮಾತ್ರೆಗಳ ವಿಷಯದಲ್ಲಿ ಮಾತ್ರ ಹುಷಾರು. ಡಾಕ್ಟರ್ ಬರೆದುಕೊಟ್ಟಿದ್ದನ್ನು ಒಂದು ತಿಂಗಳಿಗಾಗುವಷ್ಟು ತರಬಹುದು, ಜಾಸ್ತಿ ಬೇಕಿದ್ದರೆ ಮೊದಲೇ ಅನುಮತಿ ಪತ್ರ ತೆಗೆದುಕೊಳ್ಳಬೇಕು. ಸೂಡೋಎಫೆಡ್ರಿನ್ ಅಂಶ ಶೇ 10ಕ್ಕಿಂತ ಹೆಚ್ಚಿರುವ ನೆಗಡಿ ಮಾತ್ರೆಗೆ ಇಲ್ಲಿ ನಿಷೇಧ ಇದೆ.

ರೈಲಿಗೆ ಬರೋಣ. ಜೆಆರ್ ಪಾಸ್ (ದೇಶವಿಡೀ ರೈಲಿನಲ್ಲಿ ಓಡಾಡಲು ಪ್ರವಾಸಿಗರಿಗೆ ಸಿಗುವ ಪಾಸ್) ತಗೊಳ್ಳಿ ಅನ್ನುವ ಹಳೇ ಸಲಹೆಯನ್ನು ಮರೆತುಬಿಡಿ. 2023ರ ಅಕ್ಟೋಬರ್‌ನಲ್ಲಿ ಏಳು ದಿನದ ಪಾಸ್ 29,650 ಯೆನ್‌ನಿಂದ 50,000ಕ್ಕೆ ಹಾರಿತು. ಟೋಕಿಯೋ-ಕ್ಯೋಟೋ ಶಿಂಕಾನ್‌ಸೆನ್ (ಬುಲೆಟ್ ರೈಲು) ಒಂದು ಕಡೆಗೆ ಸುಮಾರು 14,000. ಹೋಗಿ ಬರುವುದಕ್ಕೆ ಬಿಡಿ ಟಿಕೆಟ್ಟೇ ಅಗ್ಗ. ಆರು ವರ್ಷದೊಳಗಿನ ಮಕ್ಕಳು ತೊಡೆ ಮೇಲೆ ಕೂತರೆ ದುಡ್ಡಿಲ್ಲ, ಪ್ರೈಮರಿ ಶಾಲೆ ಮಕ್ಕಳಿಗೆ ಅರ್ಧ ಟಿಕೆಟ್. ಊರೊಳಗೆ ಓಡಾಡಲು ಮುಂಚೆಯೇ ದುಡ್ಡು ತುಂಬಿಸಿಕೊಳ್ಳುವ ಸುಯಿಕಾ ಕಾರ್ಡ್ ಇದ್ದರೆ ಆಯಿತು.

ದೊಡ್ಡ ಸೂಟ್‌ಕೇಸ್ ರೈಲಿಗೆ ಹತ್ತಿಸಲೇಬೇಡಿ. ಉದ್ದ, ಅಗಲ, ಎತ್ತರ ಕೂಡಿಸಿ 160 ಸೆಂ.ಮೀ. ದಾಟಿದರೆ ಕ್ಯೋಟೋ ಕಡೆಯ ಶಿಂಕಾನ್‌ಸೆನ್‌ನಲ್ಲಿ ಅದಕ್ಕೆಂದೇ ಇರುವ ಸೀಟು ಕಾದಿರಿಸಬೇಕು. ಅದರ ಬದಲು ಹೋಟೆಲ್ ಕೌಂಟರ್‌ನಲ್ಲೇ ತಕ್ಯುಬಿನ್‌ಗೆ, ಅಂದರೆ ಸಾಮಾನು ತಲುಪಿಸುವ ಕೊರಿಯರ್‌ಗೆ, ಕೊಡಿ. ಕಪ್ಪು ಬೆಕ್ಕಿನ ಗುರುತಿರುವ ಯಮಾತೊ ಲಾರಿ ನೋಡಿರುತ್ತೀರಿ, ಅವರದೇ ಸೇವೆ. ಸಾಮಾನ್ಯವಾಗಿ ಮರುದಿನ ಸಾಮಾನು ಕ್ಯೋಟೋ ಹೋಟೆಲ್‌ನಲ್ಲಿರುತ್ತದೆ. ಒಂದು ರಾತ್ರಿಯ ಬಟ್ಟೆ, ಮಾತ್ರೆ, ಪಾಸ್‌ಪೋರ್ಟ್ ಕೈಚೀಲದಲ್ಲಿಟ್ಟುಕೊಂಡರೆ ಸಾಕು. ಮೊಮ್ಮಗುವಿನ ಕೈ ಹಿಡಿಯಲು ಅಜ್ಜಿಗೆ ಕೈ ಖಾಲಿ ಇರುತ್ತದೆ.

ಇನ್ನು ಯಾರೂ ಬಾಯಿಬಿಟ್ಟು ಕೇಳದ ವಿಷಯ. ಅಮೆರಿಕ, ಯೂರೋಪ್‌ಗೆ ಬಂದ ನಮ್ಮ ಹಿರಿಯರಿಗೆ ದೊಡ್ಡ ಸಂಕಟ ಟಾಯ್ಲೆಟ್ಟಿನದೇ ಅಲ್ವಾ? ಕೆಲವರು ಚೊಂಬನ್ನೇ ಸೂಟ್‌ಕೇಸಿನಲ್ಲಿ ಹೊತ್ತುಕೊಂಡು ಬರುತ್ತಾರೆ. ಇಲ್ಲಿ ಆ ಚಿಂತೆ ಬೇಡ. ಟೋಟೋ ಕಂಪನಿ 1980ರಲ್ಲಿ ತಂದ ವಾಶ್‌ಲೆಟ್ (ಗುಂಡಿ ಒತ್ತಿದರೆ ನೀರು ಚಿಮ್ಮಿಸಿ ತೊಳೆಯುವ ಕಮೋಡ್ ಸೀಟು) ಥರದ್ದು ಈಗ ಮನೆ, ಹೋಟೆಲ್, ಮಾಲ್ ಎಲ್ಲ ಕಡೆ ಇದೆ. ಬಿಸಿನೀರು, ಚಳಿಗಾಲದಲ್ಲಿ ಬೆಚ್ಚಗಿನ ಸೀಟು. ಅಪ್ಪ ಒಳಗೆ ಹೋಗುವ ಮುಂಚೆ ನೀರು ನಿಲ್ಲಿಸುವ ಗುಂಡಿ ಯಾವುದು ಅಂತ ತೋರಿಸಿಬಿಡಿ, ಆಮೇಲೆ ಒಳಗಿಂದ ಕೂಗು ಕೇಳಿಸುವುದು ಬೇಡ. ಸ್ಟೇಷನ್‌ಗಳಲ್ಲಿ ಟಾಯ್ಲೆಟ್ ಪುಕ್ಕಟೆ, ಚೊಕ್ಕಟ. ಎಷ್ಟೋ ಕಡೆ ಮಗುವನ್ನು ಕೂರಿಸಲು ಒಳಗೇ ಪುಟ್ಟ ಕುರ್ಚಿ ಇರುತ್ತದೆ. ಆದರೆ ಕೈ ಒರೆಸಲು ಏನೂ ಇರದ ಜಾಗಗಳೂ ಇವೆ, ಅದಕ್ಕೇ ಇಲ್ಲಿಯವರ ಜೇಬಿನಲ್ಲಿ ಯಾವಾಗಲೂ ಕರವಸ್ತ್ರ. ರಸ್ತೆಯಲ್ಲಿ ಕಸದ ಡಬ್ಬಿಯೂ ಅಪರೂಪ. ಚೀಲದಲ್ಲೊಂದು ಪ್ಲಾಸ್ಟಿಕ್ ಕವರ್ ಇರಲಿ.

ಊಟವೇ ಕಷ್ಟ, ಸುಮ್ನೆ ಸುಳ್ಳು ಹೇಳುವುದಿಲ್ಲ. ಬರೀ ತರಕಾರಿ ಅಂತ ಕಾಣುವ ಸೂಪು, ನೂಡಲ್ಸಿನಲ್ಲೂ ದಾಶಿ ಇರುತ್ತದೆ, ಹೆಚ್ಚಾಗಿ ಒಣಮೀನಿನ ರಸ. ಟೋಕಿಯೋ ಸ್ಟೇಷನ್ ಒಳಗೆ ಟೀಸ್ ತಾನ್‌ತಾನ್ ಅನ್ನುವ ವೀಗನ್ (ಮಾಂಸ, ಮೀನು, ಮೊಟ್ಟೆ, ಹಾಲು ಇಲ್ಲದ) ರಾಮೆನ್ ನೂಡಲ್ಸ್ ಅಂಗಡಿ ಇದೆ, ಅಲ್ಲಿ ನಿಶ್ಚಿಂತೆಯಿಂದ ತಿನ್ನಿ. ಹೋಟೆಲ್ ರೂಮಿನಲ್ಲಿ ನೀರು ಕಾಯಿಸುವ ಕೆಟಲ್ ಇದ್ದೇ ಇರುತ್ತದೆ, ಬಿಸಿನೀರು ಹಾಕಿದರೆ ಆಗುವ ಉಪ್ಪಿಟ್ಟು, ಅವಲಕ್ಕಿ ತನ್ನಿ. ಸೂಪರ್ ಮಾರ್ಕೆಟ್ಟಿನಲ್ಲಿ ಪ್ಯಾಕೆಟ್ ಅನ್ನ, ಸಕ್ಕರೆ ಹಾಕದ ಮೊಸರು ಸಿಗುತ್ತದೆ. ಇಲ್ಲಿಯ ಅಂಟು ಅನ್ನ ಚಿತ್ರಾನ್ನಕ್ಕೆ ಲಾಯಕ್ಕಿಲ್ಲ, ಮೊಸರನ್ನಕ್ಕೆ ಮಾತ್ರ ಸೋನಾ ಮಸೂರಿಗಿಂತ ಒಂದು ಕೈ ಮೇಲು. ಉಪ್ಪಿನಕಾಯಿ ನಿಮ್ಮದೇ.

ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದವರೆಗಿನ ಗೋಲ್ಡನ್ ವೀಕ್ ರಜೆ, ಆಗಸ್ಟ್ ಮಧ್ಯದ ಓಬೋನ್ ಹಬ್ಬ ಬಿಟ್ಟು ಬನ್ನಿ, ಆಗ ಎಲ್ಲ ಕಡೆ ಜನಜಂಗುಳಿ. ಆಗಸ್ಟ್ ಸೆಕೆ ಮಂಗಳೂರಿನವರಿಗೂ ಜಾಸ್ತಿಯೇ.

ಇಲ್ಲೇ ನೆಲೆಸಿ ಮಕ್ಕಳನ್ನು ಬೆಳೆಸಬಹುದಾ ಅಂತ ಕೇಳಿದವರಿಗೆ ಎರಡು ಮಾತು. ಪ್ರೈಮರಿ ಮಕ್ಕಳು ಅಪ್ಪ-ಅಮ್ಮ ಇಲ್ಲದೆ ತಾವೇ ನಡೆದು ಶಾಲೆಗೆ ಹೋಗುತ್ತಾರೆ. ಸಂಜೆ ಐದರ ಸುಮಾರಿಗೆ ಬೀದಿಯ ಧ್ವನಿವರ್ಧಕಗಳಲ್ಲಿ ಹಾಡು ಬರುತ್ತದೆ. ವಿಪತ್ತಿನ ಎಚ್ಚರಿಕೆ ಕೊಡುವ ವ್ಯವಸ್ಥೆ ಕೆಲಸ ಮಾಡುತ್ತಿದೆಯೇ ಅಂತ ನೋಡಲು ಅದು, ಆದರೆ ಪಾರ್ಕಿನಲ್ಲಿರುವ ಮಕ್ಕಳಿಗೆ ಮನೆಗೆ ಹೊರಡುವ ಗಂಟೆ. ಟೋಕಿಯೋದ 23 ವಾರ್ಡ್‌ಗಳಲ್ಲಿ 2023ರಿಂದ ಹೈಸ್ಕೂಲ್ ವಯಸ್ಸಿನವರೆಗೂ (ಇಲ್ಲಿ ಸುಮಾರು 18 ವರ್ಷ) ಆರೋಗ್ಯ ವಿಮೆಯೊಳಗಿನ ಚಿಕಿತ್ಸೆ ಉಚಿತ. ಇಷ್ಟು ನೆಮ್ಮದಿ ಇದ್ದರೂ ಸಸ್ಯಾಹಾರಿ ಮನೆಗಳು ತಡವರಿಸುವುದು ಶಾಲೆಯ ಮಧ್ಯಾಹ್ನದ ಊಟದಲ್ಲಿ. ಎಲ್ಲರಿಗೂ ಒಂದೇ ಅಡುಗೆ, ಬಡಿಸುವವರೂ ಮಕ್ಕಳೇ. ಮನೆ ಡಬ್ಬಿಗೆ ಕೆಲವು ಶಾಲೆಗಳು ಒಪ್ಪುತ್ತವೆ, ಕೆಲವು ಹಿಂದೆಮುಂದೆ ನೋಡುತ್ತವೆ. ಹಾಗಾಗಿ ಮನೆ ಬಾಡಿಗೆಗೆ ಹಿಡಿಯುವ ಮುಂಚೆಯೇ ಆ ಬಡಾವಣೆಯ ಶಾಲೆಗೆ ಹೋಗಿ ಕೇಳಿ. ಸಾಮಾನ್ಯವಾಗಿ ಮನೆ ಎಲ್ಲಿದೆಯೋ ಅದರ ಮೇಲೆಯೇ ಸರ್ಕಾರಿ ಶಾಲೆ ನಿರ್ಧಾರ ಆಗುವುದು.