ಕಡಲಂಚಿನ ಪಾಳು ಗೋಡೆಗೆ ಸಿಮೆಂಟು ಹಚ್ಚಬಹುದೇ?

ಪ್ರಶ್ನೆ: ಅಂಕೋಲಾದಿಂದ
ಮಾನ್ಯರೇ, ಇಂಗ್ಲೆಂಡಿನ ಕಾರ್ನ್‌ವಾಲ್ ಕರಾವಳಿಯ ಬೊಟಾಲಕ್‌ನಲ್ಲಿ ತವರ ಮತ್ತು ತಾಮ್ರದ ಗಣಿಗಳ ಎಂಜಿನ್ ಮನೆಗಳು (ಗಣಿಯ ಉಗಿ ಯಂತ್ರವನ್ನು ಇಟ್ಟಿದ್ದ ಕಟ್ಟಡಗಳು), ಗಣಿ ಮುಚ್ಚಿ ನೂರು ವರ್ಷ ದಾಟಿದರೂ, ಅಲೆ ಬಡಿಯುವ ಬಂಡೆಯ ಮೇಲೆ ಮಾಡು (ಛಾವಣಿ) ಇಲ್ಲದೆಯೇ ನಿಂತಿರುವ ಚಿತ್ರಗಳನ್ನು ನೋಡಿದೆ. ನಮ್ಮೂರಿನ ಕಡಲ ಬದಿಯಲ್ಲೂ ಚಿರೇಕಲ್ಲಿನ ಹಳೆಯ ಗೋದಾಮೊಂದು ಹಾಗೆಯೇ ನಿಂತಿದೆ. ಊರವರು ಹಣ ಕೂಡಿಸಿ ಅದಕ್ಕೆ ಸಿಮೆಂಟ್ ಗಿಲಾವು ಮಾಡಿಸಿ ತಗಡು ಹೊದೆಸಬೇಕೆಂದಿದ್ದಾರೆ. ಇದು ಸರಿಯೇ? ಅಲ್ಲಿಯವರು ಏನು ಮಾಡಿದ್ದಾರೆ?

ಉತ್ತರ: ಕುಮಟಾದಿಂದ
ಸಿಮೆಂಟನ್ನು ದಯವಿಟ್ಟು ತಡೆಯಿರಿ. ಕಡಲ ಗಾಳಿಯ ಉಪ್ಪು ತೇವದೊಡನೆ ಗೋಡೆಯೊಳಗೆ ಇಳಿಯುತ್ತದೆ. ಸಂದಿಯಲ್ಲಿ ಸುಣ್ಣದ ಗಾರೆಯಿದ್ದರೆ ತೇವ ಅದರ ಮೂಲಕ ಆರಿ, ಉಪ್ಪು ಅಲ್ಲಿಯೇ ಹರಳುಗಟ್ಟಿ, ಕಲ್ಲಿನ ಬದಲು ಗಾರೆ ಉದುರುತ್ತದೆ, ಅದನ್ನು ಮತ್ತೆ ತುಂಬಿದರಾಯಿತು. ಸಿಮೆಂಟು ಆ ದಾರಿಯನ್ನು ಮುಚ್ಚುವುದರಿಂದ ಒಳಗೆ ಸಿಕ್ಕಿಬಿದ್ದ ಉಪ್ಪು ರಂಧ್ರಗಳಿರುವ ಚಿರೇಕಲ್ಲನ್ನೇ ಪುಡಿಮಾಡುತ್ತದೆ. ಚಿಪ್ಪಿ ಸುಟ್ಟ ಸುಣ್ಣ ನಮ್ಮ ಕರಾವಳಿಗೆ ಹೊಸದೇನೂ ಅಲ್ಲ.

ಮೊದಲು ಗೋಡೆಯ ನೆತ್ತಿಯನ್ನು ನೋಡಿ. ಮಳೆನೀರು ಇಳಿಯುವುದು ಅಲ್ಲಿಂದ. ಸಡಿಲಗೊಂಡ ಕಲ್ಲುಗಳನ್ನು ಸುಣ್ಣದಲ್ಲಿ ಕೂರಿಸಿ, ನೀರು ಹೊರಕ್ಕೆ ಜಾರುವಂತೆ ಮೇಲ್ಮೈಯನ್ನು ಇಳಿಜಾರು ಮಾಡಿಸಿ. ಅರಳಿ ಸಸಿಯನ್ನು ಎಳೆದು ಕೀಳಬೇಡಿ, ಬೇರಿನೊಡನೆ ಕಲ್ಲೂ ಬರುತ್ತದೆ. ಬುಡ ಕತ್ತರಿಸಿ, ಬೇರು ಸಾಯುವವರೆಗೆ ಚಿಗುರನ್ನು ಸವರುತ್ತಿರಿ. ಮಾಡು ಇಲ್ಲದ ಚಿರೇಕಲ್ಲಿನ ಗೋಡೆ ನಮ್ಮ ಮಳೆಯಲ್ಲೂ ನಿಲ್ಲಬಲ್ಲದು ಎಂಬುದಕ್ಕೆ ಮಿರ್ಜಾನ ಕೋಟೆ ಹತ್ತಿರದಲ್ಲೇ ಇದೆ.

ಉತ್ತರ: ಕಾರವಾರದಿಂದ
ಕಾರ್ನ್‌ವಾಲ್‌ನಲ್ಲಿ ಅನೇಕ ಎಂಜಿನ್ ಮನೆಗಳನ್ನು ಪಾಳಾಗಿಯೇ ಉಳಿಸಿ, ಬೀಳದಂತೆ ಭದ್ರಪಡಿಸಿದ್ದಾರೆ. ವ್ಹೀಲ್ ಕೋಟ್ಸ್ ಗಣಿಯ 1872ರ ಎಂಜಿನ್ ಮನೆಯನ್ನು ಅಲ್ಲಿಯ ಪರಂಪರೆ ಸಂರಕ್ಷಣಾ ಸಂಸ್ಥೆ ನ್ಯಾಷನಲ್ ಟ್ರಸ್ಟ್ 1973ರಲ್ಲಿ ದುರಸ್ತಿ ಮಾಡಿತು, ಅದಕ್ಕೆ ಇಂದಿಗೂ ಮಾಡು ಇಲ್ಲ. ಲೆವಾಂಟ್ ಗಣಿಯಲ್ಲಿ ಮಾತ್ರ 1840ರ ಉಗಿ ಯಂತ್ರವನ್ನೇ ಮತ್ತೆ ನಡೆಯುವಂತೆ ಮಾಡಿದ್ದಾರೆ. ಈ ಪ್ರದೇಶಗಳು 2006ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು.

ಉತ್ತರ: ಶಿರಸಿಯಿಂದ
ಮೇಲಿನವರ ಮಾತನ್ನು ಒಪ್ಪುತ್ತೇನೆ, ಆದರೆ ಬಳಕೆಯಿಲ್ಲದ ಕಟ್ಟಡದ ಕಲ್ಲುಗಳು ಒಂದೊಂದಾಗಿ ಯಾರದೋ ಪಾಗಾರಕ್ಕೆ ಸೇರುವುದನ್ನು ನಾವೆಲ್ಲ ಬಲ್ಲೆವು. ಊರವರಿಗೆ ಮಾಡು ಬೇಕೇ ಬೇಕೆಂದಾದರೆ, ಹಳೆಯ ಗೋಡೆಯ ಮೇಲೆ ಭಾರ ಬೀಳದಂತೆ ಒಳಗೆ ಪ್ರತ್ಯೇಕ ಕಂಬಗಳನ್ನು ನಿಲ್ಲಿಸಿ ಹೆಂಚು ಹೊದೆಸಬಹುದು. ಭರತದ ಗೆರೆಯಿಂದ (ಉಬ್ಬರದ ನೀರು ಮುಟ್ಟುವ ಗಡಿಯಿಂದ) 500 ಮೀಟರ್ ಒಳಗೆ ಕರಾವಳಿ ನಿಯಂತ್ರಣ ವಲಯದ ನಿಯಮಗಳು ಅನ್ವಯಿಸುವುದರಿಂದ, ಜಾಗದ ಪಹಣಿ ತೆಗೆಸಿ, ಒಪ್ಪಿಗೆ ಪಡೆದೇ ಕೆಲಸಕ್ಕೆ ಕೈಹಾಕಿ.