ಹಸೆ ಚಿತ್ತಾರದ ಎಳೆಗಳನ್ನು ಗಿರಾಕಿಯ ಇಷ್ಟಕ್ಕೆ ಬದಲಿಸಬಹುದೇ?

ಪ್ರಶ್ನೆ (ಸಾಗರ ತಾಲ್ಲೂಕಿನ ಚಿತ್ತಾರಗಿತ್ತಿ):

ನಮ್ಮ ಮಲೆನಾಡಿನ ದೀವರ ಸಮುದಾಯದ ಮನೆಗಳಲ್ಲಿ ಹೆಣ್ಣುಮಕ್ಕಳು ಮದುವೆಯ ಸಮಯಕ್ಕೆ ಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರವನ್ನು ನಾನು ಅಜ್ಜಿಯ ಪಕ್ಕದಲ್ಲಿ ಕುಳಿತು ಕಲಿತೆ. ಕೆಮ್ಮಣ್ಣು ಬಳಿದ ಗೋಡೆ, ನೆನೆಸಿ ಅರೆದ ಅಕ್ಕಿಯ ಬಿಳಿ, ಕರಕಲಾಗುವಂತೆ ಹುರಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿನಾರಿನ ಕುಂಚ, ಇಷ್ಟರಲ್ಲೇ ಎಲ್ಲವೂ ಆಗಬೇಕು. ಅಳತೆಪಟ್ಟಿ ಇಡುವಂತಿಲ್ಲ, ಒಂದು ಎಳೆ ಮುಗಿಯುವವರೆಗೆ ಅಜ್ಜಿ ಉಸಿರು ಬಿಡುತ್ತಿರಲಿಲ್ಲ. ಕೆಲವು ವರ್ಷಗಳಿಂದ ಹಲಗೆ ಮತ್ತು ಬಟ್ಟೆಯ ಮೇಲೆ ಬರೆದು ಮಾರುತ್ತಿದ್ದೇನೆ. ಮಕ್ಕಳ ಶಾಲೆಯ ಖರ್ಚು ಅದರಿಂದಲೇ ನಡೆಯುತ್ತದೆ.

ಈಗ ಒಂದು ಹೋಂಸ್ಟೇಯವರು ಊಟದ ಕೋಣೆಯ ಗೋಡೆಗೆ ಚಿತ್ತಾರ ಬರೆದುಕೊಡಲು ಹೇಳಿದ್ದಾರೆ. ಆದರೆ ಅವರು ಮೊಬೈಲಿನಲ್ಲಿ ತೋರಿಸಿದ ಮಾದರಿ ಮಹಾರಾಷ್ಟ್ರದ ವರ್ಲಿ ಚಿತ್ರ. ಎರಡು ತ್ರಿಕೋನ ಸೇರಿಸಿದ ಮೈಯ ಜನ ಸುತ್ತುಗಟ್ಟಿ ಕುಣಿಯುವ ಆ ಚಿತ್ರ ನನಗೂ ಪ್ರೀತಿಯದೇ, ಆದರೆ ಅದು ನಮ್ಮದಲ್ಲ. "ಬರೀ ಗೆರೆ ಇದ್ದರೆ ಯಾರು ನೋಡುತ್ತಾರೆ? ಜನರನ್ನು ಕುಣಿಸಿ, ಸ್ವಲ್ಪ ನೀಲಿ ಹಾಕಿ" ಎಂದರು. ಪರೀಕ್ಷೆಗೆಂದು ಹಲಗೆಯ ಮೇಲೆ ಅಂಥ ಮೂವರನ್ನು ಬರೆದೆ. ಕೈಗೆ ಕಷ್ಟವಾಗಲಿಲ್ಲ, ಆದರೆ ಸಂಜೆ ಆ ಹಲಗೆಯನ್ನು ಗೋಡೆಯ ಕಡೆಗೆ ತಿರುಗಿಸಿ ಇಟ್ಟೆ. ಒಪ್ಪದಿರುವುದು ನನ್ನ ಹಠವೇ, ಅಥವಾ ಒಪ್ಪಿದರೆ ಕಳೆದುಕೊಳ್ಳುವುದು ನಿಜವಾಗಿಯೂ ಏನಾದರೂ ಇದೆಯೇ?

ಉತ್ತರ ೧ (ಸೊರಬದ ಕೆತ್ತನೆಯವರು):

ನಮ್ಮದು ತಲೆಮಾರುಗಳಿಂದ ಕೆತ್ತನೆ ಮಾಡುವ ಗುಡಿಗಾರರ ಮನೆ. ದಂತದ ವ್ಯಾಪಾರ ನಿಷೇಧವಾಯಿತು, ಗಂಧದ ಕೊರಡು ಕೈಗೆ ಸಿಗದಷ್ಟು ದುಬಾರಿಯಾಯಿತು, ಆದರೂ ಶಿವನಿ ಮರದಲ್ಲಿ ಉಳಿ ಆಡಿಸುತ್ತಲೇ ಇದ್ದೇವೆ. ಆದ್ದರಿಂದ ಸಾಮಗ್ರಿ ಬದಲಾದರೆ ಕಲೆ ಸತ್ತಿತೆಂದು ನಾನು ಹೇಳಲಾರೆ.

ಆದರೆ ಒಂದು ಸಂಗತಿಯನ್ನು ನಿಮಗೆ ಹೇಳಲೇಬೇಕು. ಒಬ್ಬ ವ್ಯಾಪಾರಿ ನನ್ನ ತಂದೆಗೆ ಒಂದೇ ತರಹದ, ಸಿನಿಮಾದ ಮಗುವಿನಂತೆ ನಗುವ ಐವತ್ತು ಗಣಪತಿಗಳ ಕೆಲಸ ಒಪ್ಪಿಸಿದ್ದರು. ಕೈತುಂಬ ಹಣವೂ ಬಂತು. ಅದಾದ ಮರುವರ್ಷ ತಂದೆ ಊರಿನ ದೇವಸ್ಥಾನಕ್ಕೆ ಪ್ರಭಾವಳಿಯ ಕೀರ್ತಿಮುಖ ಕೆತ್ತುವಾಗ ಕಣ್ಣಿನ ಕೊನೆಯಲ್ಲಿ ಅದೇ ನಗು ಬಂದುಬಿಟ್ಟಿತು. ಎರಡು ಸಲ ತೆಗೆದು ಕೆತ್ತಿದರೂ ಅದು ಹೋಗಲಿಲ್ಲ. ಹೊಟ್ಟೆಪಾಡಿಗೆಂದು ಕಲಿಸಿದ್ದನ್ನು ಕೈ ಬೇರೆಯಾಗಿ ತೆಗೆದಿಟ್ಟುಕೊಳ್ಳುವುದಿಲ್ಲ. ಹಲಗೆ ತಿರುಗಿಸಿ ಇಟ್ಟಿರೆಂದು ಓದಿದಾಗ ನನಗೆ ತಂದೆಯ ಮುಖ ನೆನಪಾಯಿತು.

ಉತ್ತರ ೨ (ಹೆಗ್ಗೋಡಿನ ಓದುಗ):

ವರ್ಲಿಯ ಪ್ರಸ್ತಾಪ ಬಂದದ್ದರಿಂದ ಅದರ ಕಡೆಯಿಂದಲೇ ಒಂದು ಮಾತು. ಅದೂ ಮೊದಲು ಮದುವೆಯ ಗೋಡೆಗೆ ಹೆಂಗಸರು ಬರೆಯುತ್ತಿದ್ದ ಚಿತ್ರವೇ. 1970ರ ದಶಕದಲ್ಲಿ ಜಿವ್ಯಾ ಸೋಮ ಮಶೆ ಎಂಬ ಗಂಡಸು ಶಾಸ್ತ್ರದ ಹಂಗಿಲ್ಲದೆ ದಿನದಿನವೂ ಬರೆಯತೊಡಗಿದರು. ಮೀನಿನ ಬಲೆ, ಗದ್ದೆ ಎಲ್ಲವೂ ಚಿತ್ರಕ್ಕೆ ಬಂದವು. 2011ರಲ್ಲಿ ಅವರಿಗೆ ಪದ್ಮಶ್ರೀ ದೊರೆಯಿತು. ಅಷ್ಟು ದೊಡ್ಡ ಬದಲಾವಣೆ ಆದರೂ ಅದು ಅವರು ಕಂಡ ಬದುಕಿನಿಂದಲೇ ಹುಟ್ಟಿತ್ತು. ಆದ್ದರಿಂದ ಚಿತ್ತಾರ ಒಂದು ಗೆರೆಯಷ್ಟೂ ಬದಲಾಗಬಾರದೆಂಬ ವಾದವನ್ನು ನಾನು ಒಪ್ಪುವುದಿಲ್ಲ. ನಾಳೆ ನಿಮಗೇ ಶರಾವತಿ ಹೊಳೆ ದಾಟಿಸುವ ಲಾಂಚನ್ನು ಚೌಕದೊಳಗೆ ತರಬೇಕೆನಿಸಿದರೆ ಧೈರ್ಯವಾಗಿ ತನ್ನಿ. ಹೋಂಸ್ಟೇಯವರ ನೀಲಿ ಎಲ್ಲಿಂದ ಬಂತೆಂಬುದಷ್ಟೇ ನನ್ನ ತಕರಾರು.

ಉತ್ತರ ೩ (ಹಿರಿಯ ಚಿತ್ತಾರಗಿತ್ತಿ):

ತಂಗೀ, ಅವರು ನಮ್ಮ ಚಿತ್ತಾರವನ್ನು ನೋಡಿಯೇ ಇಲ್ಲವೆಂದು ನನಗೆ ಅನಿಸುತ್ತದೆ. ಬೇಡವೆನ್ನುವುದಕ್ಕೆ ಮುಂಚೆ ಅವರನ್ನು ಮನೆಗೆ ಕರೆದು ಹಸೆಗೋಡೆಯ ಮುಂದೆ ನಿಲ್ಲಿಸಿ. ಬಾಸಿಂಗ ಎಲ್ಲಿದೆ, ತೆನೆ ಎಲ್ಲಿದೆ, ಗುಬ್ಬಿ ಎಲ್ಲಿ ಕೂತಿದೆ ಎಂದು ಬೆರಳಿಟ್ಟು ತೋರಿಸಿ. ಭೂಮಿ ಹುಣ್ಣಿಮೆ ಹಬ್ಬಕ್ಕೆ ಚಿತ್ತಾರ ಬರೆದು ಗದ್ದೆಗೆ ಹೊತ್ತೊಯ್ಯುವ ಬುಟ್ಟಿ ಇದ್ದರೆ ಅದನ್ನೂ ಕೈಗೆ ಕೊಡಿ. ಬರೀ ಗೆರೆ ಎಂದವರಿಗೆ ಆ ಗೆರೆಗಳನ್ನು ಓದಿ ಹೇಳಿದವರು ಇರಲಿಕ್ಕಿಲ್ಲ.

ಅಕ್ಕಿಯ ಬಣ್ಣವೇ ಆಗಬೇಕೆಂದು ಮಾತ್ರ ಪಟ್ಟು ಹಿಡಿಯಬೇಡಿ. ಊಟದ ಕೋಣೆಯ ಹಬೆಗೆ ಅದು ಉದುರಿಹೋದೀತು. ಅಂಗಡಿಯ ಬಿಳಿ ಬಳಸಿದರೆ ಅಜ್ಜಿ ಬೇಸರಪಡಲಾರರು. ಎಳೆ ಡೊಂಕಾದರೆ ಮಾತ್ರ ಪಟ್ಟಾರು.

ಪ್ರಶ್ನೆ ಕೇಳಿದವರಿಂದ:

ಮೂವರಿಗೂ ನಮಸ್ಕಾರ. ತಂದೆಯವರ ಗಣಪತಿಯ ವಿಷಯ ಓದಿ ರಾತ್ರಿ ಬಹಳ ಹೊತ್ತು ನಿದ್ದೆ ಬರಲಿಲ್ಲ. ಅಕ್ಕ ಹೇಳಿದಂತೆ ಹೋಂಸ್ಟೇಯವರಿಗೆ ಫೋನ್ ಮಾಡಿದೆ. ಭಾನುವಾರ ಬರುತ್ತೇವೆ ಎಂದಿದ್ದಾರೆ, ನೀಲಿಯ ಮಾತನ್ನು ಇನ್ನೂ ಬಿಟ್ಟಿಲ್ಲ. ಹಲಗೆಯ ಮೇಲಿನ ಮೂವರನ್ನು ಒದ್ದೆ ಬಟ್ಟೆಯಿಂದ ಒರೆಸಿದ್ದೇನೆ. ಕೆಮ್ಮಣ್ಣೂ ಕಿತ್ತು ಬಂತು, ಮತ್ತೊಮ್ಮೆ ಬಳಿಯಬೇಕು. ಅಕ್ಕಿ ನೆನೆಸಿ ಇಟ್ಟಿದ್ದೇನೆ.